ಮೊಗದಿಶುವಿಗೆ ಮೂರೇ ಸಾಲೇಕೆ?

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ 2019ರ ಭಯೋತ್ಪಾದಕ ದಾಳಿಗಳ ಬಗ್ಗೆ ನೀವು ಪ್ರಕಟಿಸಿದ ಹಿನ್ನೋಟವನ್ನು ಸ್ಕೇಲು ಹಿಡಿದು ಓದಿದೆ. ಮೂವತ್ತು ವರ್ಷ ಗಣಿತ ಕಲಿಸಿದವನ ಚಾಳಿ, ಕ್ಷಮಿಸಿ. 51 ಜನ ಸತ್ತ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ 64 ಸಾಲು. 80ರ ಆಸುಪಾಸು ಜನ ಸತ್ತ ಸೊಮಾಲಿಯಾದ ಮೊಗದಿಶುವಿಗೆ 3 ಸಾಲು. ಇದು ಯಾವ ತ್ರೈರಾಶಿ? ಶ್ರೀಲಂಕಾದಲ್ಲಿ ಸತ್ತವರು ಲೇಖನದಲ್ಲಿ 269, ಪಕ್ಕದ ಬಾಕ್ಸಿನಲ್ಲಿ 359. ಯಾವುದನ್ನು ನಂಬಬೇಕು? ಕೊಲಂಬೊ ದಾಳಿಯ ಮುಖಂಡನ ಹೆಸರು ನಾಲ್ಕು ಕಡೆ ಇದೆ, ಕ್ರೈಸ್ಟ್‌ಚರ್ಚ್ ಹಂತಕನ ಹೆಸರು ಒಂದು ಕಡೆಯೂ ಇಲ್ಲ. ಬಿಳಿಯನೆಂಬ ದಾಕ್ಷಿಣ್ಯವೇ? ಕೊನೆಯದಾಗಿ, ಅದೇ ವರ್ಷ ನಮ್ಮ ರಸ್ತೆಗಳ ಮೇಲೆ ಒಂದೂವರೆ ಲಕ್ಷ ಜನ ಸತ್ತರು. ಅವರಿಗೆ ಎಷ್ಟು ಸಾಲು?"
– ನಿವೃತ್ತ ಹೈಸ್ಕೂಲ್ ಅಧ್ಯಾಪಕರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲೂ ಒಂದು ಸ್ಕೇಲು ಹುಡುಕಿದೆವು. ಕ್ರೈಸ್ಟ್‌ಚರ್ಚ್‌ಗೆ 64 ಅಲ್ಲ, 66 ಸಾಲು. ಫೋಟೊದ ಅಡಿಬರಹವನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಮೊಗದಿಶುವಿನದು ಮೂರೇ. ಎಷ್ಟು ಸಲ ಎಣಿಸಿದರೂ ಮೂರೇ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಬಾಕ್ಸಿನಲ್ಲಿದ್ದ 359 ತಪ್ಪು. ಅದು ಹಳೆಯ ಕಡತದಿಂದ ನೇರವಾಗಿ ಎತ್ತಿಕೊಂಡ ಅಂಕಿ. ಕರಡು ತಿದ್ದಿದವರ ಕಣ್ಣಿಗೂ ಬೀಳಲಿಲ್ಲ, ಅಂತಿಮ ಪುಟಕ್ಕೆ ಸಹಿ ಹಾಕಿದ ನನ್ನ ಕಣ್ಣಿಗೂ ಬೀಳಲಿಲ್ಲ. ಆದರೆ ಆ ಅಂಕಿ ಹುಟ್ಟಿದ ಬಗೆಯನ್ನು ನಿಮಗೆ ಹೇಳಲೇಬೇಕು. ಏಪ್ರಿಲ್ 21ರ ಈಸ್ಟರ್ ಭಾನುವಾರ ಮೂರು ಚರ್ಚು, ಮೂರು ಐಷಾರಾಮಿ ಹೋಟೆಲುಗಳಲ್ಲಿ ಬಾಂಬು ಸಿಡಿದ ಮೇಲೆ ಸಾವಿನ ಲೆಕ್ಕ ದಿನದಿನಕ್ಕೂ ಏರುತ್ತಾ 359ಕ್ಕೆ ಬಂದು ನಿಂತಿತು. ನಾಲ್ಕನೇ ದಿನ, ಅಂದರೆ 25ರಂದು, ಶ್ರೀಲಂಕಾದ ಆರೋಗ್ಯ ಸಚಿವಾಲಯವೇ ಸತ್ತವರು 253ರಷ್ಟು ಎಂದಿತು. ನೂರಕ್ಕೂ ಹೆಚ್ಚು ಜನ ಬದುಕಿ ಬಂದರೆಂದಲ್ಲ. ದೇಹಗಳು ಎಷ್ಟು ಛಿದ್ರವಾಗಿದ್ದವೆಂದರೆ ಒಬ್ಬರನ್ನೇ ಎರಡು ಸಲ ಎಣಿಸಿದ್ದರು. ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡವರೂ ಸೇರಿ ಈಗ ಎಲ್ಲರೂ ಬಳಸುವ ಅಂಕಿ 269ರ ಆಸುಪಾಸಿನಲ್ಲಿದೆ. ಇಂಥ ಎಣಿಕೆಗೆ ಕೂತವರ ಕೈ ನಡುಗದೇ ಇದ್ದೀತೇ ಎಂದು ಯೋಚಿಸುತ್ತೇನೆ. ನಮ್ಮ ಬಾಕ್ಸಿನ ತಪ್ಪಿಗೆ ಅದು ಸಮರ್ಥನೆಯಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಗಣಿತದವರು ಕೇಳಬೇಕಿದ್ದ ಪ್ರಶ್ನೆಯೊಂದಿದೆ: ಒಟ್ಟು ಎಷ್ಟು? ಸಿಡ್ನಿಯ ಅರ್ಥಶಾಸ್ತ್ರ ಮತ್ತು ಶಾಂತಿ ಸಂಸ್ಥೆ ಪ್ರತಿ ವರ್ಷ ಜಾಗತಿಕ ಭಯೋತ್ಪಾದನೆ ಸೂಚ್ಯಂಕ ಹೊರತರುತ್ತದೆ. ಅದರ 2020ರ ವರದಿಯ ಪ್ರಕಾರ 2019ರಲ್ಲಿ ಭಯೋತ್ಪಾದನೆಗೆ ಬಲಿಯಾದವರು 13,826 ಜನ. ಹಿಂದಿನ ವರ್ಷಕ್ಕಿಂತ ಶೇ 15ರಷ್ಟು ಕಡಿಮೆ, ಸತತ ಐದನೇ ವರ್ಷದ ಇಳಿಕೆ. ನಮ್ಮ ಹಿನ್ನೋಟವನ್ನು ಓದಿದವರಿಗೆ ಅದು ಇಳಿಕೆಯ ವರ್ಷ ಎಂದು ಅನ್ನಿಸಿರಲು ಸಾಧ್ಯವೇ ಇಲ್ಲ. ಆ ಒಟ್ಟಿನಲ್ಲಿ 5,725 ಸಾವು ಅಫ್ಗಾನಿಸ್ತಾನ ಒಂದರದ್ದೇ. ನೂರರಲ್ಲಿ 41. ನಾವು ಆ ದೇಶಕ್ಕೆ ಕೊಟ್ಟದ್ದು ಒಂದೇ ಘಟನೆ: ಆಗಸ್ಟ್ 17ರ ರಾತ್ರಿ ಕಾಬೂಲಿನ ಮದುವೆ ಮಂಟಪದಲ್ಲಿ, ಗಂಡಸರು ಕೂತಿದ್ದ ಕಡೆ, ವಾದ್ಯದವರ ವೇದಿಕೆಯ ಹತ್ತಿರ ಸಿಡಿದ ಬಾಂಬು. ಮೊದಲ ದಿನ 63 ಎಂದರು. ಗಾಯಗೊಂಡವರು ಒಬ್ಬೊಬ್ಬರಾಗಿ ತೀರಿಕೊಂಡು ಅದು 90ರ ಆಸುಪಾಸಿಗೆ ಹೋಯಿತು. ಮದುಮಗ ಬದುಕಿ ಉಳಿದ. ಬದುಕಿನಲ್ಲಿ ಇನ್ನೆಂದೂ ಸಂತೋಷ ಕಾಣಲಾರೆ ಎಂದು ಟಿ.ವಿ.ಯವರ ಮುಂದೆ ಹೇಳಿದ. ಮದುವೆ ಮನೆ ಎಂಬ ಕಾರಣಕ್ಕೆ ಆ ಸುದ್ದಿ ನಮ್ಮವರೆಗೆ ಬಂತು. ಚೆಕ್‌ಪೋಸ್ಟಿನಲ್ಲಿ, ಸಂತೆಯಲ್ಲಿ, ಹೊಲದ ದಾರಿಯಲ್ಲಿ ಸತ್ತ ಉಳಿದ ಸಾವಿರಾರು ಅಫ್ಗನ್ನರು ಬರಲಿಲ್ಲ.

ಈ 13,826 ಕೂಡ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದೇ ಸಂಸ್ಥೆ 2022ರ ವರದಿಗೆ ಮಾಹಿತಿಯ ಮೂಲವನ್ನು ಬದಲಿಸಿತು, ಹಳೆಯ ವರ್ಷಗಳ ಮೊತ್ತಗಳೂ ಬದಲಾದವು. ಯಾವುದನ್ನು ಭಯೋತ್ಪಾದನೆ ಎನ್ನಬೇಕು ಎಂಬಲ್ಲೇ ಜಗಳ. ವಿಶ್ವಸಂಸ್ಥೆಯಲ್ಲಿ ಎಲ್ಲರೂ ಒಪ್ಪಿದ ವ್ಯಾಖ್ಯೆ ಇಂದಿಗೂ ಇಲ್ಲ. ಭಾರತವೇ 1996ರಲ್ಲಿ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ಅಲ್ಲಿ ಮುದಿಯಾಗುತ್ತಿದೆ. ಫೆಬ್ರುವರಿ 14ರಂದು ಪುಲ್ವಾಮಾದ ಲೇತ್‌ಪೊರಾದಲ್ಲಿ 40 ಸಿಆರ್‌ಪಿಎಫ್ ಯೋಧರು ಸತ್ತದ್ದನ್ನು ನಾವು ಒಂದು ಕ್ಷಣವೂ ಯೋಚಿಸದೆ ಪಟ್ಟಿಗೆ ಸೇರಿಸಿದೆವು. ಸಮವಸ್ತ್ರದಲ್ಲಿದ್ದವರ ಮೇಲಿನ ದಾಳಿಯನ್ನು ಬೇರೆ ಖಾನೆಗೆ ಹಾಕುವವರು ಇದ್ದಾರೆ. ಮಾಲಿ ದೇಶದ ಒಗೊಸಾಗು ಗ್ರಾಮದಲ್ಲಿ ಮಾರ್ಚ್ 23ರಂದು ಸುಮಾರು 160 ಫುಲಾನಿ ಜನಾಂಗದವರನ್ನು ಕೊಂದರು. ನಮ್ಮ ಲೇಖಕರು ಅದನ್ನು 'ಜನಾಂಗೀಯ ಘರ್ಷಣೆ' ಎಂದು ಕೈಬಿಟ್ಟರು, ನಾನು ಒಪ್ಪಿದೆ. ಬೆಳಗಿನ ಜಾವ ಬಂದೂಕು ಹಿಡಿದು ಬಂದು ಗುಡಿಸಲುಗಳಿಗೆ ಬೆಂಕಿ ಹಚ್ಚಿದ್ದನ್ನು ಘರ್ಷಣೆ ಎಂದು ಕರೆದದ್ದು ಈಗ ಓದುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಸಾಲುಗಳ ವಿಷಯ. ಕೊಲಂಬೊಗೆ ಇಷ್ಟೊಂದು ಜಾಗವೇಕೆ ಎಂದು ನೀವು ಕೇಳಿಲ್ಲ, ಏಕೆಂದರೆ ನಿಮಗೂ ಉತ್ತರ ಗೊತ್ತು. ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಏಪ್ರಿಲ್ 18ರ ಮತದಾನ ಮುಗಿಸಿ ದಣಿವಾರಿಸಿಕೊಳ್ಳಲೆಂದು ಹೋಗಿದ್ದ ನಮ್ಮ ಜೆಡಿಎಸ್ ಕಾರ್ಯಕರ್ತರು ಅಲ್ಲಿ ಸತ್ತರು. ತಿಂಗಳುಗಟ್ಟಲೆ ಓಣಿ ಓಣಿ ಸುತ್ತಿ ಮತ ಕೇಳಿದವರು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಒಂದೊಂದೇ ಹೆಸರು ಖಚಿತಪಡಿಸುತ್ತಿದ್ದಂತೆ ಇಲ್ಲಿ ಒಂದೊಂದು ಮನೆಯ ಮುಂದೆ ಜನ ಸೇರುತ್ತಿದ್ದರು. ಪುಲ್ವಾಮಾದಲ್ಲಿ ಮದ್ದೂರು ತಾಲ್ಲೂಕಿನ ಹುಡುಗನೊಬ್ಬನಿದ್ದ. ಹತ್ತಿರದ ಸಾವಿಗೆ ಹೆಚ್ಚು ಸಾಲು ಕೊಟ್ಟದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಊರಿನ ಪತ್ರಿಕೆ ಊರಿನ ಸೂತಕವನ್ನು ಹಿಡಿಯದಿದ್ದರೆ ಇನ್ನಾರು ಹಿಡಿಯುತ್ತಾರೆ?

ಆದರೆ ಕ್ರೈಸ್ಟ್‌ಚರ್ಚ್ ನಮಗೆ ಹತ್ತಿರವಲ್ಲ. ನಕ್ಷೆಯಲ್ಲಿ ಮೊಗದಿಶುವೇ ಬಹಳ ಹತ್ತಿರ. ನಮ್ಮ ಮಂಗಳೂರಿನ ಕಡಲಾಚೆ, ಹಿಂದೂ ಮಹಾಸಾಗರದ ದಡದಲ್ಲಿ. ಹಾಗಾದರೆ 66 ಮತ್ತು 3? ಇಲ್ಲಿ ನಾನು ಸಿಕ್ಕಿಬಿದ್ದಿದ್ದೇನೆ, ಬಿಡಿಸಿ ಹೇಳುತ್ತೇನೆ.

2019ರ ಡಿಸೆಂಬರ್ 28, ಶನಿವಾರ. ಆಗ ನಾನು ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಭಾನುವಾರದ ಪತ್ರಿಕೆಯ ವಿದೇಶ ಪುಟ ಹೆಚ್ಚುಕಡಿಮೆ ಮುಗಿದಿತ್ತು. ಏಜೆನ್ಸಿಯಿಂದ ಮೊಗದಿಶುವಿನ ಸುದ್ದಿ ಬೆಳಗಿನಿಂದಲೂ ಬರುತ್ತಿತ್ತು, ಸಂಜೆಯೊಳಗೆ ಸತ್ತವರ ಸಂಖ್ಯೆ 70 ದಾಟಿತ್ತು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಉಪಸಂಪಾದಕಿಯೊಬ್ಬಳು ಬಂದು, "ಸರ್, ಇದನ್ನು ಎಷ್ಟು ಕಾಲಂ ಮಾಡಲಿ?" ಎಂದಳು. "ಸಂಕ್ಷಿಪ್ತದಲ್ಲಿ ಹಾಕಮ್ಮ, ಮೊಗದಿಶು ತಾನೇ" ಎಂದೆ. ಅವಳು ಎರಡು ಸೆಕೆಂಡು ನಿಂತಳು, ಆಮೇಲೆ ಹೋದಳು. ಕಳೆದ ಸಂಚಿಕೆಯ ಹಿನ್ನೋಟಕ್ಕೆ ನಾವು ಆಧಾರವಾಗಿಟ್ಟುಕೊಂಡ ಕಡತಗಳಲ್ಲಿ ಆ ದಿನದ ಪತ್ರಿಕೆಯೂ ಒಂದು. ನಾನೇ ಕತ್ತರಿಸಿದ ಸುದ್ದಿ ಇಷ್ಟು ವರ್ಷದ ನಂತರ ಅಷ್ಟೇ ಗಿಡ್ಡವಾಗಿ ನನ್ನ ಮೇಜಿಗೆ ವಾಪಸು ಬಂತು, ನಾನು ಗುರುತೂ ಹಿಡಿಯಲಿಲ್ಲ.

'ತಾನೇ' ಎಂಬ ಆ ಪದದಲ್ಲಿದೆ ಮೇಷ್ಟ್ರೇ, ನೀವು ಕೇಳಿದ ತ್ರೈರಾಶಿ. ಅಲ್ಲಿ ದಿನವೂ ಇದ್ದದ್ದೇ, ಹೊಸದೇನಿದೆ ಎಂಬ ಭಾವ. ನ್ಯೂಜಿಲೆಂಡಿನಲ್ಲಿ ಇಂಥದ್ದು ನಡೆಯುವುದಿಲ್ಲ ಎಂದುಕೊಂಡಿದ್ದೆವು, ನಡೆದಾಗ ಬೆಚ್ಚಿದೆವು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ಎಂಬ ದೇಶದ ಹೆಸರನ್ನೇ ನಾವು ಎಷ್ಟು ಸಲ ಅಚ್ಚು ಮಾಡಿದ್ದೇವೆ? ಅದೇ ಸೂಚ್ಯಂಕದ ಪ್ರಕಾರ ಅಲ್ಲಿ ಒಂದೇ ವರ್ಷದಲ್ಲಿ ಸಾವು 86ರಿಂದ 593ಕ್ಕೆ ಜಿಗಿಯಿತು. ಕ್ರಿಸ್‌ಮಸ್ ಮುನ್ನಾದಿನ ಅರ್ಬಿಂಡಾದಲ್ಲಿ ಕೊಂದ 35 ನಾಗರಿಕರಲ್ಲಿ 31 ಮಂದಿ ಹೆಂಗಸರು. ಅಲ್ಲಿ 48 ಗಂಟೆ ರಾಷ್ಟ್ರೀಯ ಶೋಕ ಆಚರಿಸಿದರು. ನಮ್ಮ ಹಿನ್ನೋಟದಲ್ಲಿ ಆ ದೇಶವೇ ಇಲ್ಲ. ನೀವೂ ಅದನ್ನು ಗಮನಿಸಲಿಲ್ಲ ಎಂಬುದನ್ನು ಸಣ್ಣ ಸಮಾಧಾನವಾಗಿ ಇಟ್ಟುಕೊಂಡಿದ್ದೇನೆ.

ಹೆಸರಿನ ಪ್ರಶ್ನೆ ಚುಚ್ಚಿತು. ದಾಕ್ಷಿಣ್ಯವಂತೂ ಅಲ್ಲ. ಕ್ರೈಸ್ಟ್‌ಚರ್ಚ್ ಹಂತಕ ಮಾರ್ಚ್ 15ರಂದು ಅಲ್ ನೂರ್ ಮಸೀದಿಯಲ್ಲಿ ಕೊಲ್ಲುತ್ತಿದ್ದುದನ್ನು ತಲೆಗೆ ಕಟ್ಟಿದ್ದ ಕ್ಯಾಮೆರಾದಿಂದ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ 24 ಗಂಟೆಗಳಲ್ಲಿ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ಕೇ ಹೇಳಿತು. ಅವನಿಗೆ ಬೇಕಿದ್ದದ್ದು ಕುಖ್ಯಾತಿ, ಆದ್ದರಿಂದ ಅವನ ಹೆಸರನ್ನು ನಾನು ಎಂದೂ ಉಚ್ಚರಿಸುವುದಿಲ್ಲ ಎಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಹೇಳಿದರು. ನಮ್ಮ ಲೇಖಕರು ಅದನ್ನು ಪಾಲಿಸಿದರು. ಅದು ಬರಿಯ ಭಾವುಕತೆಯೂ ಅಲ್ಲ. ಆಗಸ್ಟ್ 3ರಂದು ಅಮೆರಿಕದ ಎಲ್ ಪಾಸೊದ ವಾಲ್‌ಮಾರ್ಟ್‌ನಲ್ಲಿ ಗುಂಡು ಹಾರಿಸಿದವನು ತನ್ನ ಬರಹದಲ್ಲಿ ಕ್ರೈಸ್ಟ್‌ಚರ್ಚ್‌ನವನನ್ನು ಮೆಚ್ಚಿಕೊಂಡಿದ್ದ. ಅಕ್ಟೋಬರ್ 9ರಂದು ಜರ್ಮನಿಯ ಹಾಲೆ ನಗರದಲ್ಲಿ ಯಹೂದಿ ಮಂದಿರಕ್ಕೆ ನುಗ್ಗಲು ಹೋದವನೂ ನೇರಪ್ರಸಾರ ಮಾಡಿಕೊಂಡೇ ಹೋದ. ಅಲ್ಲಿ ಮರದ ಬಾಗಿಲೊಂದು ಗುಂಡಿಗೂ ಜಗ್ಗದೆ ನಿಂತಿತು. ಒಳಗಿದ್ದ ಐವತ್ತರಷ್ಟು ಜನ ಉಳಿದರು. ಹೊರಗೆ ಸಿಕ್ಕ ಇಬ್ಬರು ಸತ್ತರು.

ಸರಿ, ಹಾಗಾದರೆ ಕೊಲಂಬೊದವನ ಹೆಸರೇಕೆ? ಅವನೂ ತನ್ನ ಸಂಗಡಿಗರ ನಡುವೆ ನಿಂತು ಪ್ರತಿಜ್ಞೆ ಮಾಡುವ ವಿಡಿಯೊ ಬಿಟ್ಟುಹೋಗಿದ್ದ. ಉಳಿದವರೆಲ್ಲ ಮುಖ ಮುಚ್ಚಿಕೊಂಡಿದ್ದರು, ಅವನದು ಮಾತ್ರ ತೆರೆದಿತ್ತು. ಅವನ ಆಸೆಯೂ ಅದೇ. ಒಬ್ಬನಿಗೆ ಇಲ್ಲವೆಂದದ್ದನ್ನು ಇನ್ನೊಬ್ಬನಿಗೆ ನಾಲ್ಕು ಸಲ ಕೊಟ್ಟೆವು. ಸಮಜಾಯಿಷಿ ನನ್ನ ಬಳಿ ಇಲ್ಲ. ವಿಚಾರಣೆ, ತೀರ್ಪುಗಳ ವರದಿಯಲ್ಲಿ ಹೆಸರು ಬೇಕಾಗುತ್ತದೆ, ಬರೆಯುತ್ತೇವೆ. ಇಂಥ ಹಿನ್ನೋಟಗಳಲ್ಲಿ ಇನ್ನು ಮುಂದೆ ಯಾವ ಧರ್ಮದ, ಯಾವ ಬಣ್ಣದ ಹಂತಕನ ಹೆಸರೂ ಇರುವುದಿಲ್ಲ. ಆ ಜಾಗದಲ್ಲಿ ಬರೆಯಲು ಬೇರೆಯವರು ಬೇಕಾದಷ್ಟಿದ್ದಾರೆ. ಕ್ರೈಸ್ಟ್‌ಚರ್ಚ್‌ನ ಲಿನ್‌ವುಡ್ ಮಸೀದಿಯಲ್ಲಿ ಒಬ್ಬಾತ ಕೈಗೆ ಸಿಕ್ಕ ಕಾರ್ಡು ಉಜ್ಜುವ ಯಂತ್ರವನ್ನೇ ಎತ್ತಿಕೊಂಡು ಹಂತಕನ ಬೆನ್ನಟ್ಟಿದ, ಅವನೇ ಬಿಸಾಕಿದ ಖಾಲಿ ಬಂದೂಕನ್ನು ಅವನ ಕಾರಿನ ಗಾಜಿಗೆ ಎಸೆದ. ಶ್ರೀಲಂಕಾದ ಬಟ್ಟಿಕಲೋವದ ಝಯಾನ್ ಚರ್ಚಿನಲ್ಲಿ ದೊಡ್ಡ ಚೀಲ ಹೊತ್ತು ಬಂದ ಅಪರಿಚಿತನನ್ನು ಒಬ್ಬ ಗೃಹಸ್ಥ ಹೊರಗೇ ತಡೆದ. ಒಳಗೆ ನೂರಾರು ಜನರಿದ್ದರು. ಬಾಂಬು ಸಿಡಿದು ಆ ಗೃಹಸ್ಥ ಅಲ್ಲೇ ಸತ್ತ. ಇವೆರಡೂ ನಮ್ಮ 66 ಸಾಲಿನಲ್ಲಾಗಲಿ, ಕೊಲಂಬೊದ ಎರಡು ಪುಟದಲ್ಲಾಗಲಿ ಇರಲಿಲ್ಲ.

ರಸ್ತೆ ಸಾವುಗಳ ಲೆಕ್ಕ ನಿಮ್ಮದು ಸರಿ, 2019ರಲ್ಲಿ 1,51,113. ಹೋಲಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಲಾರಿ ಅಪಘಾತ ಅಲ್ಲಿಗೇ ಮುಗಿಯುತ್ತದೆ, ಒಂದು ಮನೆ ಹಾಳಾಗುತ್ತದೆ. ಪುಲ್ವಾಮಾ ನಡೆದ ಹನ್ನೆರಡನೇ ದಿನಕ್ಕೆ ನಮ್ಮ ಯುದ್ಧವಿಮಾನಗಳು ಬಾಲಾಕೋಟ್ ಮೇಲಿದ್ದವು. ಈಸ್ಟರ್ ಬಾಂಬುಗಳ ಮೂರು ವಾರದ ನಂತರ ಶ್ರೀಲಂಕಾದ ಮಿನುವಂಗೊಡ, ಕುರುಣೆಗಲದ ಕಡೆ ಏನೂ ಅರಿಯದ ಮುಸ್ಲಿಮರ ಅಂಗಡಿಗಳು ಉರಿದವು. ಅದಕ್ಕಾಗಿಯೇ ಬಾಂಬು ಇಡುತ್ತಾರೆ. ರಸ್ತೆಗಳ ಬಗ್ಗೆ ಬೇರೆಯದೇ ಲೇಖನ ಬರೆಸಬೇಕು ಎಂಬುದು ನ್ಯಾಯ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಡುವ ನೀವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಸಾಲಿನ ಮಿತಿ ಹಾಕುವುದಿಲ್ಲ.

ಕಳೆದ ಸಂಚಿಕೆಯ 31ನೇ ಪುಟದ ಮೂರು ಸಾಲನ್ನು ಹೊಡೆದುಹಾಕಿ, ಅಲ್ಲಿ ಇದನ್ನು ಅಂಟಿಸಿಕೊಳ್ಳಿ:

"ಮೊಗದಿಶು, ಡಿ. 28: ಶನಿವಾರ ಬೆಳಿಗ್ಗೆ, ವಾಹನಗಳು ಕಿಕ್ಕಿರಿಯುವ ಹೊತ್ತು. ನಗರದಿಂದ ಅಫ್‌ಗೊಯೆಗೆ ಹೋಗುವ ರಸ್ತೆಯ ಎಕ್ಸ್-ಕಂಟ್ರೋಲ್ ತಪಾಸಣಾ ಠಾಣೆಯಲ್ಲಿ ಬಸ್ಸು, ಆಟೊಗಳು ಸಾಲುಗಟ್ಟಿ ನಿಂತಿದ್ದವು. ಒಂದು ಬಸ್ಸಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿದ್ದರು. ಸ್ಫೋಟಕ ತುಂಬಿದ್ದ ಲಾರಿ ಅಲ್ಲಿ ಸಿಡಿಯಿತು. ಸತ್ತವರು 80ರ ಆಸುಪಾಸು. ಹಲವರು ವಿದ್ಯಾರ್ಥಿಗಳು, ಇಬ್ಬರು ಟರ್ಕಿಯವರು. ಗಾಯಗೊಂಡವರಲ್ಲಿ ಕೆಲವರನ್ನು ಟರ್ಕಿಯ ವಿಮಾನ ಚಿಕಿತ್ಸೆಗೆಂದು ಕೊಂಡೊಯ್ದಿತು. ಎರಡು ದಿನಗಳ ನಂತರ ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್ ದಾಳಿಯ ಹೊಣೆ ಹೊತ್ತು, ಟರ್ಕಿಯವರೇ ತನ್ನ ಗುರಿಯಾಗಿದ್ದರೆಂದು ಹೇಳಿ, ಸತ್ತ ಸೊಮಾಲಿ ಮುಸ್ಲಿಮರ ಕುಟುಂಬಗಳ ಕ್ಷಮೆ ಕೇಳಿತು. ಇದೇ ನಗರದಲ್ಲಿ 2017ರ ಅಕ್ಟೋಬರ್ 14ರಂದು ಇಂಥದ್ದೇ ಲಾರಿ ಬಾಂಬಿಗೆ 587 ಜನ ಬಲಿಯಾಗಿದ್ದರು. ಅದರ ಹೊಣೆಯನ್ನು ಯಾರೂ ಹೊತ್ತುಕೊಳ್ಳಲಿಲ್ಲ."