ಅಮೆರಿಕದ ಎಷ್ಟೋ ಹಳೇ ಸ್ಮಶಾನಗಳು 'ಆಡ್ ಫೆಲೋಸ್' ಲಾಡ್ಜ್ ಹೆಸರಲ್ಲಿ ಯಾಕಿವೆ?

ಸತ್ತ ಸದಸ್ಯರಿಗೆ ಮಣ್ಣು ಮಾಡುವುದು ಆ ಲಾಡ್ಜ್‌ಗಳ ಕರ್ತವ್ಯವಾಗಿತ್ತು. ಅದಕ್ಕೇ ಜಾಗವೂ ಬೇಕಾಯಿತು. ಇಲ್ಲಿ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಕೊಡುವ ಕಡೆಯಲ್ಲ, ಸದಸ್ಯರು ಒಬ್ಬರಿಗೊಬ್ಬರು ಆಗಿಬರುವ ಸಂಘದ ಶಾಖೆ.

ಇಂಗ್ಲೆಂಡಿನಿಂದ ಬಂದ ಥಾಮಸ್ ವೈಲ್ಡಿ 1819ರಲ್ಲಿ ಬಾಲ್ಟಿಮೋರ್‌ನಲ್ಲಿ ಆಡ್ ಫೆಲೋಸ್ ಎಂಬ ಈ ಸಂಘದ ಅಮೆರಿಕನ್ ಕವಲನ್ನು ಶುರು ಮಾಡಿದರು. ರೋಗಿಗಳನ್ನು ನೋಡಿಕೊಳ್ಳುವುದು, ಕಷ್ಟದಲ್ಲಿದ್ದವರಿಗೆ ನೆರವಾಗುವುದು, ಸತ್ತವರನ್ನು ಹೂಳುವುದು, ಅನಾಥ ಮಕ್ಕಳನ್ನು ಓದಿಸುವುದು ಇದರ ನಿಯಮ. ಎಲ್ಲರೂ ವಂತಿಗೆ ಕಟ್ಟುತ್ತಿದ್ದರು. ಕಾಯಿಲೆ ಬಿದ್ದವನಿಗೆ, ಸತ್ತವನ ಮನೆಯವರಿಗೆ ಆ ಹಣ ಹೋಗುತ್ತಿತ್ತು. ಒಂಥರಾ ವಿಮೆಯೇ, ಅಲ್ವಾ? ಸಾವಿರಾರು ಮೈಲಿ ದಾಟಿ ಪಶ್ಚಿಮಕ್ಕೆ ವಲಸೆ ಹೋದವರಿಗೆ ಇದು ಇನ್ನೂ ಜಾಸ್ತಿ ಬೇಕಿತ್ತು. ಅಲ್ಲಿ ಸತ್ತರೆ ಹೆಗಲು ಕೊಡಲು ನೆಂಟರಿಷ್ಟರು ಇರುತ್ತಿರಲಿಲ್ಲ. ಹೊಸ ಊರುಗಳಲ್ಲಿ ಎಷ್ಟೋ ಸಲ ಸರ್ಕಾರಿ ಸ್ಮಶಾನವೂ ಇರುತ್ತಿರಲಿಲ್ಲ.

ಆರೆಗನ್ ರಾಜ್ಯದ ಸೇಲಂ ಊರನ್ನೇ ನೋಡಿ. (ನಮ್ಮ ಪಕ್ಕದ ತಮಿಳುನಾಡಿನ ಸೇಲಂ ಅಲ್ಲ!) ಅಲ್ಲಿನ ಚೆಮೆಕೆಟಾ ಲಾಡ್ಜ್ 1854ರಲ್ಲಿ ಸ್ಮಶಾನವೊಂದನ್ನು ಸ್ಥಾಪಿಸಿತು. ಡೇವಿಡ್ ಲೆಸ್ಲಿ ಎಂಬ ಮೆಥಡಿಸ್ಟ್ ಪಾದ್ರಿಯ ಮನೆಯವರನ್ನು ಆಗಲೇ ಆ ಜಾಗದಲ್ಲಿ ಹೂಳಲಾಗಿತ್ತು. ಇವತ್ತು ಅದನ್ನು ಪಯೊನಿಯರ್ ಸಿಮೆಟ್ರಿ, ಅಂದರೆ ಮೊದಲ ವಲಸಿಗರ ಸ್ಮಶಾನ ಅಂತ ಕರೆಯುತ್ತಾರೆ.

ಇಂಥ ಕಡೆ ಹೋದರೆ ಕಲ್ಲುಗಳ ಮೇಲೆ ಮೂರು ಕೊಂಡಿಯ ಸರಪಳಿ ಹುಡುಕಿ. ಸ್ನೇಹ, ಪ್ರೀತಿ, ಸತ್ಯ ಎಂಬ ಮೂರರ ಗುರುತು ಅದು. ಕಂಡರೆ, ಕೆಳಗೆ ಮಲಗಿರುವವರು ಆಡ್ ಫೆಲೋಸ್ ಸದಸ್ಯರು.