ಹೆಸರಿಲ್ಲದ ಮ್ಯಾಪಿನಿಂದಲೂ ಗುಟ್ಟು ರಟ್ಟಾಗುತ್ತೆ

"ತಮ್ಮ ಸೇನೆಯಲ್ಲಿದ್ದಾನೆ, ಓಟದ ಆ್ಯಪ್ ಬೇಡ ಅಂತಾರಂತೆ. ಅದರಲ್ಲಿ ಹೆಸರು ಮರೆಮಾಡಬಹುದಲ್ವಾ?" ಅಂತ ಕೇಳಿದ್ದೀರಿ. ಹೆಸರು ಯಾರಿಗೂ ಬೇಕಿಲ್ಲ, ಜಾಗ ಗೊತ್ತಾದರೆ ಸಾಕು.

2017ರ ನವೆಂಬರ್‌ನಲ್ಲಿ, ಓಡಿದ ದಾರಿಯನ್ನು ದಾಖಲಿಸುವ ಇಂಥದ್ದೇ ಆ್ಯಪ್ ನಡೆಸುವ ಸ್ಟ್ರಾವಾ ಕಂಪನಿ ತನ್ನ ಬಳಕೆದಾರರು ಓಡಿದ, ಸೈಕಲ್ ಹೊಡೆದ ದಾರಿಗಳನ್ನೆಲ್ಲ ಸೇರಿಸಿ ಒಂದು ಮ್ಯಾಪ್ ಬಿಟ್ಟಿತು. ಒಬ್ಬರ ಹೆಸರೂ ಇರಲಿಲ್ಲ. ಲಂಡನ್ನಿನಂಥ ಊರಲ್ಲಿ ಗೆರೆಗಳೆಲ್ಲ ಕಲಸಿಹೋಗಿ ಏನೂ ತಿಳಿಯಲ್ಲ. ಆದರೆ ಸಿರಿಯಾ, ಅಫ್ಘಾನಿಸ್ತಾನದ ಬಯಲಿನಲ್ಲಿ ಇಂಥ ಆ್ಯಪ್ ಹಾಕಿಕೊಂಡು ಓಡುವವರು ಯಾರು? ಹೆಚ್ಚಾಗಿ ವಿದೇಶಿ ಸೈನಿಕರೇ. ಸುತ್ತಲೂ ಕಪ್ಪು, ನಡುವೆ ಸೇನಾ ನೆಲೆಯ ಕಾಂಪೌಂಡ್ ಸುತ್ತಿದ ಗೆರೆ ಮಾತ್ರ ಹೊಳೆಯುತ್ತಿತ್ತು. 2018ರ ಜನವರಿಯಲ್ಲಿ ಇದನ್ನು ಹಿಡಿದವನು ಗೂಢಚಾರನೇನಲ್ಲ, ಆಸ್ಟ್ರೇಲಿಯಾದ ಒಬ್ಬ ಕಾಲೇಜು ಹುಡುಗ! ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಜಾಗಗಳಲ್ಲಿ ಲೊಕೇಶನ್ ಆನ್ ಮಾಡುವುದನ್ನೇ ನಿಷೇಧಿಸಿತು. ನಮ್ಮ ಸೇನೆಯೂ 2020ರಲ್ಲಿ 89 ಆ್ಯಪ್ ತೆಗೆಯಲು ಹೇಳಿತ್ತು, ಫೇಸ್‌ಬುಕ್ ಕೂಡ ಅದರಲ್ಲಿತ್ತು. ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಬಹುದು, ನನಗಂತೂ ಸರಿ ಅನ್ನಿಸುತ್ತೆ.

ತಮ್ಮನಿಗೆ ಓಟದ ಲೆಕ್ಕ ಬೇಕೇ ಬೇಕು ಅಂದರೆ ಸುಮ್ನೆ ಒಂದು ಸ್ಟಾಪ್‌ವಾಚ್ ಕೊಡಿಸಿ. ನೀವೂ ಅವನು ಕಳಿಸಿದ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಬೇಡಿ.