ಗೋವಾದ ಹಳ್ಳಿ ಮನೆಯಲ್ಲಿ ಕೂತು ಕೆಲಸ ಮಾಡಲು ಸ್ಯಾಟಲೈಟ್ ಇಂಟರ್ನೆಟ್ ನಂಬಬಹುದೇ?

ನೀವು ಕೇಳಿದ್ದು: ಬೆಂಗಳೂರು ಬಿಟ್ಟು ಸಾಂಗೆ ತಾಲೂಕಿನ ನೇತ್ರಾವಳಿ ಕಡೆ ಒಂದು ಹೆಂಚಿನ ಮನೆ ನೋಡಿದ್ದೀರಿ. ದಿನವಿಡೀ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಗುಪ್ತ ಸಂಪರ್ಕ), ವಿಡಿಯೋ ಕಾಲ್ ಇರುವ ಕೆಲಸ. ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದೆರಡು ಕಡ್ಡಿ. ಅಮೆರಿಕದಲ್ಲಿರುವ ನಿಮ್ಮ ಭಾವ ರಜೆಗೆ ಬರುವಾಗ ಎಲಾನ್ ಮಸ್ಕ್ ಕಂಪನಿಯ ಸ್ಯಾಟಲೈಟ್ ಇಂಟರ್ನೆಟ್ ಆದ ಸ್ಟಾರ್‌ಲಿಂಕ್‌ನ ಕಿಟ್ ತಂದುಕೊಟ್ಟರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಇವತ್ತೇ ಭಾವನಿಗೆ ಫೋನ್ ಮಾಡಿ ಬೇಡ ಅಂದುಬಿಡಿ. ಭಾರತದ ಮೇಲೆ ಸ್ಟಾರ್‌ಲಿಂಕ್ ಬೀಮ್‌ಗಳನ್ನು (ಉಪಗ್ರಹದಿಂದ ನೆಲಕ್ಕೆ ಬರುವ ಸಿಗ್ನಲ್) ಆರಿಸಿಟ್ಟಿದ್ದೇವೆ ಎಂದು ಮಸ್ಕ್ 2024ರ ಡಿಸೆಂಬರ್‌ನಲ್ಲೇ ಹೇಳಿದ್ದರು, ಅಂದರೆ ಡಿಶ್ ತಂದರೂ ಅದು ಅಂಗಳದ ಅಲಂಕಾರ. ಅದಕ್ಕಿಂತ ಮುಖ್ಯವಾಗಿ, ಅನುಮತಿ ಇಲ್ಲದೆ ಉಪಗ್ರಹ ಸಂಪರ್ಕದ ಸಾಧನ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ಅದೇ ತಿಂಗಳು ಗೋವಾ ವಿಮಾನ ನಿಲ್ದಾಣದಲ್ಲೇ ಅಂಗೈಯಗಲದ ಗಾರ್ಮಿನ್ ಇನ್‌ರೀಚ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ಇಟ್ಟುಕೊಂಡಿದ್ದ ವಿದೇಶಿ ಪ್ರವಾಸಿಯೊಬ್ಬರ ಮೇಲೆ ಕೇಸ್ ಆಗಿತ್ತು.

ಅಧಿಕೃತವಾಗಿ ಎಲ್ಲಿಗೆ ಬಂದಿದೆ ಅಂದರೆ, 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು, ಜುಲೈನಲ್ಲಿ ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ನ ಒಪ್ಪಿಗೆ. ನವೆಂಬರ್‌ನಲ್ಲಿ ಪಕ್ಕದ ಮಹಾರಾಷ್ಟ್ರ ಸರ್ಕಾರ ಗಡ್ಚಿರೋಲಿ, ನಂದುರಬಾರ್‌ನಂಥ ಹಿಂದುಳಿದ ಜಿಲ್ಲೆಗಳಿಗಾಗಿ ಅವರ ಜೊತೆ ಸಹಿ ಹಾಕಿತು. ಡಿಸೆಂಬರ್‌ನಲ್ಲಿ ಅವರ ಸೈಟಿನಲ್ಲಿ ತಿಂಗಳಿಗೆ 8,600 ರೂಪಾಯಿ, ಉಪಕರಣಕ್ಕೆ 34,000 ಎಂಬ ದರ ಕಾಣಿಸಿ ಎಲ್ಲ ಕಡೆ ಸುದ್ದಿಯಾಯಿತು. ಅದು ಪರೀಕ್ಷೆಗೆ ಹಾಕಿದ್ದ ಅಂಕಿ, ತಪ್ಪಿ ಹೊರಬಿತ್ತು ಎಂದು ಕಂಪನಿಯೇ ಹೇಳಿತು. ನಾನು ಇದನ್ನು ಬರೆಯುತ್ತಿರುವುದು ಆಮೇಲಿನ ದಿನಗಳಲ್ಲಿ. ಮನೆಗಳಿಗೆ ಸೇವೆ ಇನ್ನೂ ಶುರುವಾಗಿಲ್ಲ. ಆದ್ದರಿಂದ "ಮೊದಲೇ ಬುಕ್ ಮಾಡಿಸಿಕೊಡ್ತೀನಿ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. 2021ರಲ್ಲಿ ಕಂಪನಿಯೇ ಇಲ್ಲಿ ಲೈಸೆನ್ಸ್ ಇಲ್ಲದೆ ಮುಂಗಡ ತೆಗೆದುಕೊಂಡು, ಸರ್ಕಾರ ತಕರಾರು ತೆಗೆದ ಮೇಲೆ ವಾಪಸ್ ಕೊಟ್ಟಿತ್ತು.

ಹಾಗಾದರೆ ಈಗಾಗಲೇ ಇರುವ ವಿಸ್ಯಾಟ್, ಅಂದರೆ ಹಳೇ ಬಗೆಯ ಡಿಶ್ ಮೂಲಕ ಬರುವ ಸ್ಯಾಟಲೈಟ್ ಸಂಪರ್ಕ? ಹ್ಯೂಸ್, ನೆಲ್ಕೋದಂಥವರು ಕೊಡುತ್ತಾರೆ. ದೂರದ ಎಟಿಎಂ, ಪೆಟ್ರೋಲ್ ಬಂಕ್‌ಗಳ ಮೇಲೆ ಕಾಣುವ ಡಿಶ್ ಅದೇ. ಅದು ನಂಬಿಕಸ್ಥ, ಆದರೆ ನಿಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನೀವು "ಹಲೋ" ಅಂದದ್ದು ಮೇಲೆ ಹೋಗಿ ಕೆಳಗಿಳಿದು, ಆ ಕಡೆಯವರ ಉತ್ತರ ಮತ್ತೆ ಅದೇ ದಾರಿಯಲ್ಲಿ ಬರಬೇಕು. ಬೆಳಕಿನ ವೇಗದಲ್ಲೇ ಅರ್ಧ ಸೆಕೆಂಡ್ ಹೋಯಿತು, ಯಂತ್ರಗಳ ಪಾಲು ಸೇರಿದರೆ 600 ಮಿಲಿಸೆಕೆಂಡ್ ದಾಟುತ್ತದೆ. ಮೀಟಿಂಗಿನಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ "ನೀವು ಹೇಳಿ, ನೀವು ಹೇಳಿ" ಅನ್ನುತ್ತ ಕೂರಬೇಕಾಗುತ್ತದೆ. ಮಾರುವವರು ಹೇಳದ ಇನ್ನೊಂದು ಸಂಗತಿ ಇದೆ. ಈ ತಡವನ್ನು ಮರೆಮಾಚಲು ವಿಸ್ಯಾಟ್ ಮೋಡೆಮ್ ಡೇಟಾ ತಲುಪಿತು ಅಂತ ಮುಂಚಿತವಾಗಿ ತಾನೇ ಉತ್ತರ ಕೊಡುವ ಒಂದು ಉಪಾಯ ಮಾಡುತ್ತದೆ. ನಿಮ್ಮ ಆಫೀಸಿನ ವಿಪಿಎನ್ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಸುತ್ತಿಬಿಡುವುದರಿಂದ ಮೋಡೆಮ್‌ಗೆ ಒಳಗಿನದು ಕಾಣುವುದೇ ಇಲ್ಲ, ಆ ಉಪಾಯ ನಡೆಯುವುದಿಲ್ಲ. ಹಾಗಾಗಿ ಸ್ಪೀಡ್ ಟೆಸ್ಟ್ ಚೆನ್ನಾಗಿ ತೋರಿಸುತ್ತದೆ, ವಿಪಿಎನ್ ಹಾಕಿದ ತಕ್ಷಣ ತೆವಳುತ್ತದೆ.

ಸ್ಟಾರ್‌ಲಿಂಕ್‌ನ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲಿ ಇರುವುದರಿಂದ ಈ ತೊಂದರೆ ಇಲ್ಲ. ಅದರ ತೊಂದರೆ ಬೇರೆ. ಅವು ಓಡುತ್ತಿರುತ್ತವೆ, ಆದ್ದರಿಂದ ಡಿಶ್‌ಗೆ ಒಂದು ಕಿಂಡಿ ಸಾಲದು, ತಲೆಯ ಮೇಲೆ 100 ಡಿಗ್ರಿಯಷ್ಟು ಅಗಲದ ಖಾಲಿ ಆಕಾಶ ಬೇಕು. ಸಾಂಗೆ ಕಡೆಯ ಮನೆಗಳನ್ನು ನೋಡಿದ್ದೀರಲ್ಲ, ಮುಂದೆ ತೆಂಗು, ಹಿಂದೆ ಹಲಸು, ಪಕ್ಕದಲ್ಲಿ ಅಡಿಕೆ. ಗಾಳಿಗೆ ಒಂದು ಗರಿ ಅಡ್ಡ ಬಂದರೂ ಕಾಲ್ ಒಂದೆರಡು ಸೆಕೆಂಡ್ ಸತ್ತು ಬದುಕುತ್ತದೆ. ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಫೋನ್ ಕ್ಯಾಮೆರಾವನ್ನು ಆಕಾಶಕ್ಕೆ ತೋರಿಸಿ ಅಡ್ಡಿ ಎಷ್ಟಿದೆ ನೋಡುವ ಸೌಲಭ್ಯವಿದೆ, ಕಿಟ್ ಇಲ್ಲದೆಯೂ ನಡೆಯುತ್ತದೆ. ಮಳೆಯ ಪರೀಕ್ಷೆಯಂತೂ ಪುಕ್ಕಟೆ: ಜುಲೈನಲ್ಲಿ ಆ ಊರಿನ ಯಾರದಾದರೂ ಮನೆಗೆ ಹೋಗಿ ಡಿಶ್ ಟಿವಿ ನೋಡಿ. ಅದೂ ಸ್ಟಾರ್‌ಲಿಂಕೂ ಬಳಸುವುದು ಕೆಯು ಬ್ಯಾಂಡ್ ಎಂಬ ಒಂದೇ ಬಗೆಯ ರೇಡಿಯೋ ತರಂಗ. ಚಿತ್ರ ಚೌಕಚೌಕವಾಗಿ ಒಡೆಯುವಂಥ ಮಳೆಯಲ್ಲಿ ಯಾವ ಕಂಪನಿಯ ಉಪಗ್ರಹವಾದರೂ ಸ್ವಲ್ಪ ಹೊತ್ತು ಕೈಕೊಡುತ್ತದೆ.

ಇಷ್ಟೆಲ್ಲ ಹೇಳಿ, ಈ ತಾಲೂಕಿನಲ್ಲೇ ಇದ್ದು ಪುಣೆಯ ಆಫೀಸಿಗೆ ಕೆಲಸ ಮಾಡುವ ನನ್ನ ಅಭಿಪ್ರಾಯ: ನಾಳೆ ಸ್ಟಾರ್‌ಲಿಂಕ್ ಬಂದರೂ ಅದು ಎರಡನೇ ಲೈನ್ ಆಗಿರಲಿ, ಮೊದಲನೆಯದಲ್ಲ. ಮೊದಲನೆಯದು ಫೈಬರ್. ಮನೆ ತನಕ ಬಂದಿಲ್ಲದಿದ್ದರೂ ಪಂಚಾಯತಿ ಆಫೀಸು, ಶಾಲೆ, ಸೊಸೈಟಿ ಇವುಗಳ ಹತ್ತಿರ ಇದೆಯೇ ವಿಚಾರಿಸಿ. ಸ್ಪೀಡ್ ಎಷ್ಟು ಎಂದು ಕೇಳಬೇಡಿ, ವಿಡಿಯೋ ಕಾಲ್‌ಗೆ 3–4 ಎಂಬಿಪಿಎಸ್ ಧಾರಾಳ. "ಕರೆಂಟ್ ಹೋದ ಮೇಲೆ ನೆಟ್ ಎಷ್ಟು ಹೊತ್ತು ಇರುತ್ತದೆ?" ಎಂದು ಕೇಳಿ.

ಇದಕ್ಕೆ ಕಾರಣವಿದೆ. ನಮ್ಮಲ್ಲಿ ಮೇ ಕೊನೆಯ ಗುಡುಗಿಗೆ ಕರೆಂಟ್ ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ, ರೂಟರ್ ಹಸಿರಾಗಿಯೇ ಇರುತ್ತದೆ, ನಾನು ಮಾತಾಡುತ್ತಲೇ ಇರುತ್ತೇನೆ. ಸುಮಾರು ಅರ್ಧ ಗಂಟೆಗೆ ಫೈಬರ್ ಡಬ್ಬಿಯ ಮೇಲೆ 'ಲಾಸ್' (ಸಿಗ್ನಲ್ ಇಲ್ಲ) ಎಂಬ ಕೆಂಪು ದೀಪ ಮಿಣುಕತೊಡಗುತ್ತದೆ. ವೈರ್ ಕಡಿದಿಲ್ಲ, ನಾಲ್ಕು ಕಿಲೋಮೀಟರ್ ಆಚೆ ಆಪರೇಟರ್‌ನ ಪೆಟ್ಟಿಗೆಯ ಬ್ಯಾಟರಿ ಮುಗಿದಿದೆ. ಆಗ ನನ್ನ ಇನ್ವರ್ಟರ್‌ನಿಂದ ನಾಲ್ಕಾಣೆ ಪ್ರಯೋಜನವಿಲ್ಲ.

ಆ ಹೊತ್ತಿಗೆ ಬೇರೆ ದಾರಿಯಿಂದ ಬರುವ ಲೈನ್ ಬೇಕು. ನನ್ನದು 4ಜಿ. ಫೋನ್ ಹಾಟ್‌ಸ್ಪಾಟ್ ಅಲ್ಲ, ಮಾಡಿಗಿಂತ ಎತ್ತರಕ್ಕೆ ಜಿಐ ಪೈಪ್ ನಿಲ್ಲಿಸಿ ಅದರ ತುದಿಗೆ ಟವರ್ ಕಡೆ ಮುಖ ಮಾಡಿ ಕಟ್ಟಿದ ಹೊರಾಂಗಣ ರೂಟರ್. ಸಿಮ್ ಅದರೊಳಗೇ ಇರುತ್ತದೆ, ಕೆಳಗೆ ಬರುವುದು ಒಂದೇ ನೆಟ್‌ವರ್ಕ್ ಕೇಬಲ್, ಕರೆಂಟೂ ಅದರಲ್ಲೇ. ಆಂಟೆನಾ ಮೇಲೆ, ರೂಟರ್ ಒಳಗೆ ಇಟ್ಟು ನಡುವೆ ಉದ್ದದ ಆಂಟೆನಾ ವೈರ್ ಎಳೆದರೆ ಸಿಕ್ಕ ಸಿಗ್ನಲ್ ವೈರಿನಲ್ಲೇ ಸೋರಿಹೋಗುತ್ತದೆ. ಜಂಬಿಟ್ಟಿಗೆಯ ದಪ್ಪ ಗೋಡೆಯೊಳಗೆ ಒಂದು ಕಡ್ಡಿ ತೋರಿಸುವ ಮನೆಯಲ್ಲೂ ಮಾಡಿನ ಮೇಲೆ ಕೆಲಸಕ್ಕಾಗುವಷ್ಟು ಸಿಕ್ಕೀತು. ಕಾಡಿನ ನಡುವೆ 700, 850, 900 ಮೆಗಾಹರ್ಟ್ಸ್‌ನ ಕೆಳ ಬ್ಯಾಂಡ್‌ಗಳೇ ದೂರ ಬರುವುದು. ಹಾಗಾಗಿ ಮನೆ ನೋಡಲು ಹೋಗುವಾಗ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೂರೂ ಸಿಮ್ ಇಟ್ಟುಕೊಂಡು ಹೋಗಿ, ರಾತ್ರಿ ಒಂಬತ್ತರ ಗದ್ದಲದಲ್ಲಿ ಅಳೆಯಿರಿ. ಪೈಪಿಗೆ ಅರ್ಥಿಂಗ್ ಮಾತ್ರ ಮರೆಯಬೇಡಿ, ಇಲ್ಲಿಯ ಸಿಡಿಲು ತಮಾಷೆಯಲ್ಲ.

ಎರಡೂ ಲೈನ್ ಹಿಡಿದು ಒಂದು ಬಿದ್ದರೆ ಇನ್ನೊಂದಕ್ಕೆ ತಾನೇ ಹೊರಳುವ ಡ್ಯುಯಲ್ ವ್ಯಾನ್ ರೂಟರ್ ಒಂದು ಇದ್ದರೆ ಸಾಕು. ಹೊರಳುವಾಗ ವಿಪಿಎನ್ ಒಮ್ಮೆ ಕಡಿದು ಕೂಡುತ್ತದೆ, ಅಷ್ಟೇ.

ಇನ್ನು ಬಾಡಿಗೆ ಕರಾರು. ಮಾಡಿನ ಪಕ್ಕ ಪೈಪ್ ನಿಲ್ಲಿಸಲು, ಮುಂದೆ ಡಿಶ್ ಬಂದರೆ ಕೂರಿಸಲು, ಅಂಗಳದ ತೆಂಗಿನ ಗರಿ ಸವರಲು ಮಾಲೀಕರ ಒಪ್ಪಿಗೆಯನ್ನು ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ. ಗರಿಗೆ ಬೇಗ ಒಪ್ಪುತ್ತಾರೆ. ಹೆಂಚಿನ ಮೇಲೆ ಯಾರಾದರೂ ಕಾಲಿಡುತ್ತಾರೆ ಅಂದರೆ ಮುಖ ಸಪ್ಪಗಾಗುತ್ತದೆ, ಅದಕ್ಕೇ ಪೈಪನ್ನು ನೆಲದಿಂದಲೇ ಎಬ್ಬಿಸಿ ಗೋಡೆಗೆ ಕ್ಲಾಂಪ್ ಹಾಕಿಸುತ್ತೇನೆ ಅನ್ನಿ.